ಸ್ಲೇಟಿನ ಮೇಲಿನ ನಾಲ್ಕು ಗೀಟು

ನರ್ಸಿಂಗ್ ಅಸಿಸ್ಟೆಂಟ್ ಕೆಲಸಕ್ಕೆ ಸೇರುವ ಹುಡುಗಿಯರು ಆಗೊಮ್ಮೆ ಈಗೊಮ್ಮೆ ಸರಸ್ವತಿಪುರದ ನಮ್ಮ ಮನೆಗೆ ಬರುತ್ತಾರೆ. 'ಆ ಲಕ್ಷ್ಮಮ್ಮನವರನ್ನ ಕೇಳಿ, ಹಳಬರು' ಎಂದು ಯಾರೋ ಹೇಳಿ ಕಳಿಸಿರುತ್ತಾರೆ. ಬಂದವರು ಕೇಳುವುದು ಮೂರೇ ಪ್ರಶ್ನೆ: ಟ್ರೈನಿಂಗ್ ಎಷ್ಟು ತಿಂಗಳು, ಸಂಬಳ ಎಷ್ಟು, ಮುಂದೆ ನರ್ಸ್ ಆಗಬಹುದಾ. ಮೂರಕ್ಕೂ ನನಗೆ ತಿಳಿದಷ್ಟು ಹೇಳಿ, ಕಾಫಿ ಕೊಟ್ಟು ಕಳಿಸುತ್ತೇನೆ. ಅವರು ಗೇಟು ದಾಟಿದ ಮೇಲೆ, ಕೇಳಬೇಕಾದ್ದನ್ನು ಅವರು ಕೇಳಲಿಲ್ಲ, ಹೇಳಬೇಕಾದ್ದನ್ನು ನಾನೂ ಹೇಳಲಿಲ್ಲ ಎಂದು ಮನಸ್ಸು ಚುಚ್ಚುತ್ತದೆ. ಅದಕ್ಕೇ ಬರೆಯಲು ಕೂತಿದ್ದೇನೆ. ಬಡ್ತಿ, ಸನ್ಮಾನ, ಬೀಳ್ಕೊಡುಗೆಯ ಹಾರ ಇದರಲ್ಲಿಲ್ಲ. ಹಾರ ಹಾಕಿಸಿಕೊಂಡದ್ದು ಒಂದೇ ಸಲ, ಅದರಲ್ಲೂ ಇರುವೆ ಇತ್ತು.

ಸ್ವಾತಂತ್ರ್ಯ ಬಂದ ಮಾರನೆಯ ವರ್ಷ ನಾನು ಆಯಾ ಆಗಿ ಸೇರಿದ್ದು ಅಗ್ರಹಾರದ ಆಚೆಗಿದ್ದ ಒಂದು ಧರ್ಮಾಸ್ಪತ್ರೆಗೆ. ಈಗ ಆ ಕಟ್ಟಡವಿಲ್ಲ, ಅದರ ಹೆಸರೂ ಇಲ್ಲಿ ಬೇಡ. ನಮ್ಮಪ್ಪ ಹಳ್ಳಿಯ ಜಮೀನನ್ನು ಅಣ್ಣತಮ್ಮಂದಿರಿಗೆ ಬಿಟ್ಟು ಬಂದು, ದೇವರಾಜ ಮಾರುಕಟ್ಟೆಗೆ ತರಕಾರಿ ಗಾಡಿ ಹೊಡೆಯುತ್ತಿದ್ದರು. ಹಟ ಹಿಡಿದು ನನ್ನನ್ನು ಲೋಯರ್ ಸೆಕೆಂಡರಿವರೆಗೆ ಓದಿಸಿದ್ದರು. ಆಗ ಆ ಆಸ್ಪತ್ರೆಯ ಆಯಾಗಳಲ್ಲಿ ಅಷ್ಟು ಓದಿದವಳು ನಾನೊಬ್ಬಳೇ. ಆ ಜಂಬ ನನ್ನ ನಡಿಗೆಯಲ್ಲೇ ಕಾಣುತ್ತಿತ್ತಂತೆ. ಅದನ್ನು ಇಳಿಸಲು ತಾಯಕ್ಕನಿಗೆ ಒಂದು ಬೆಳಗಿನ ಹೊತ್ತು ಸಾಕಾಯಿತು.

ತಾಯಮ್ಮ ಹೆಂಗಸರ ವಾರ್ಡಿನ ಹಿರಿಯ ಆಯಾ. ನಾವೆಲ್ಲ ತಾಯಕ್ಕ ಎನ್ನುತ್ತಿದ್ದೆವು. ಅವಳಿಗೆ ಅಕ್ಷರ ಬಾರದು. ಹೊಸಬರಿಗೆ ಕೆಲಸ ಕಲಿಸುವುದು ಮಾತ್ರ ಅವಳದೇ. ನನಗೆ ಸಿಕ್ಕ ಮೊದಲ ಟ್ರೈನಿಂಗ್ ಎಂದರೆ, ಖಾಲಿ ಮಂಚ ಒಂದನ್ನು ತೋರಿಸಿ "ಮಲಕ್ಕೊ" ಎಂದಳು.

"ಯಾಕಕ್ಕ?"

"ಮಲಕ್ಕೊ ಅಂದ್ರೆ ಮಲಕ್ಕೊ. ಮಿಲ್ಲು ಕೂಗೋಗಂಟ ಅಳ್ಳಾಡ್ಬೇಡ. ಕೈ ಬೇಡ, ಕಾಲು ಬೇಡ, ಸೊಂಟ ಬೇಡ."

ಒಳ್ಳೆ ಕೆಲಸ ಸಿಕ್ಕಿತಲ್ಲ ಎಂದು ಮಲಗಿದೆ. ಸ್ವಲ್ಪ ಹೊತ್ತಿಗೇ ಹಿಮ್ಮಡಿ ಉರಿಯತೊಡಗಿತು. ಆಮೇಲೆ ಸೊಂಟದ ಕೆಳಗಿನ ಮೂಳೆ. ಹಾಸಿಗೆಯ ಒಂದು ಮಡಿಕೆ ಬೆನ್ನಿಗೆ ಕಡ್ಡಿಯ ಹಾಗೆ ಒತ್ತುತ್ತಿತ್ತು. ಮಿಲ್ಲು ಕೂಗುವುದಕ್ಕೆ ಇನ್ನೂ ಎಷ್ಟೋ ಹೊತ್ತಿರುವಾಗಲೇ ತಡೆಯಲಾರದೆ ಹೊರಳಿದೆ.

"ನೋವಾಯ್ತು, ತಿರುಗ್ಕಂಡೆ," ಎಂದಳು ತಾಯಕ್ಕ. "ತಿರುಗಕ್ಕಾಗ್ದೇ ಇರೋರು ಏನ್ಮಾಡ್ತಾರೆ? ಅದಕ್ಕೇ ನಾವಿರೋದು ಕಣಮ್ಮ. ಏಳು, ಈಗ ಹಾಸಿಗೆ ಹಾಸೋದು ಕಲಿ."

ಮುಂದೆ ನಾನು ದೊಡ್ಡ ಕ್ಲಾಸಿನಲ್ಲಿ ಕೂತು ಚಾರ್ಟು ನೋಡಿ ಕಲಿತೆ, ಪರೀಕ್ಷೆಯನ್ನೂ ಬರೆದೆ. ಆದರೆ ಆ ಮಂಚದ ಮೇಲೆ ಕಲಿತ ಪಾಠದಷ್ಟು ನೆಟ್ಟಗೆ ಒಳಗಿಳಿದ ಪಾಠ ಇನ್ನೊಂದಿಲ್ಲ. ಅದನ್ನೂ ಮರೆತೆನಲ್ಲ, ಅದೇ ಈ ಕಥೆ.

ಮೊದಲ ಮೂರು ತಿಂಗಳು ಹಾಸಿಗೆ, ಪಾನು, ಬೆನ್ನು, ಇಷ್ಟೇ. ಪಾನು ಎಂದರೆ ಬೆಡ್‌ಪ್ಯಾನ್, ನಮ್ಮ ಬಾಯಲ್ಲಿ ಅದು ಪಾನು. ಚಳಿಗಾಲದಲ್ಲಿ ಅದರ ಅಂಚಿಗೆ ಬಿಸಿನೀರು ಹೊಯ್ದು, ಒರೆಸಿ ಕೊಡಬೇಕು. ದುಪ್ಪಟಿಯಲ್ಲಿ ಒಂದು ಸುಕ್ಕು ಕಂಡರೂ ತಾಯಕ್ಕ ಇಡೀ ಹಾಸಿಗೆ ಕಿತ್ತು ಮತ್ತೆ ಹಾಸಿಸುತ್ತಿದ್ದಳು. ಥರ್ಮಾಮೀಟರು ತೊಳೆ ಎಂದಾಗ ಕುದಿಯುವ ನೀರಿಗೆ ಹಾಕಿ ಮೂರನ್ನು ಒಡೆದೆ. ಆ ತಪ್ಪನ್ನು ಎಲ್ಲರೂ ಒಂದು ಸಲ ಮಾಡುತ್ತಾರೆ, ಮಾಡಿಲ್ಲ ಎನ್ನುವವರು ಥರ್ಮಾಮೀಟರು ತೊಳೆದಿರುವುದಿಲ್ಲ.

ನನ್ನ ಕೈಯ ನೀರು ಕುಡಿಯದ ಹೆಂಗಸರು ವಾರ್ಡಿನಲ್ಲಿ ಬೇಕಾದಷ್ಟಿದ್ದರು. ಮನೆಯಿಂದ ಚೊಂಬಿನಲ್ಲಿ ತರಿಸಿಕೊಳ್ಳುತ್ತಿದ್ದರು. ಪಾನು ಮಾತ್ರ ನನ್ನ ಕೈಯಿಂದಲೇ ಆಗಬೇಕು. "ಮೇಲಿಂದ ಒಳಗೋಗಕ್ಕೆ ನಾವು ಬ್ಯಾಡ, ಕೆಳಗಿಂದ ಈಚೆ ಬರಕ್ಕೆ ನಾವೇ ಬೇಕು" ಎಂದು ತಾಯಕ್ಕ ನಗುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಕೈ ಕೆಸರಾದರೆ ಬಾಯಿ ಮೊಸರು ಎಂದು ಗಾದೆ ಮಾಡಿದವರು ನಮ್ಮ ವಾರ್ಡು ನೋಡಿರಲಿಲ್ಲ.

ಸಂಬಳದ ಮಾತು ಕೇಳುವವರಿಗೆ ಹೇಳುತ್ತೇನೆ. ಹೊಟ್ಟೆಗಾಗುವಷ್ಟು ಇತ್ತು, ಬಟ್ಟೆಗಾಗುವಷ್ಟು ಇರಲಿಲ್ಲ. ಬಟ್ಟೆಗೆ ವರ್ಷಕ್ಕೆರಡು ನೀಲಿ ಅಂಚಿನ ಬಿಳಿ ಸೀರೆ ಆಸ್ಪತ್ರೆಯವರೇ ಕೊಡುತ್ತಿದ್ದರು. ಆಯಾ ಆದವಳು ಆಯಾ ಆಗಿಯೇ ಮುದುಕಿಯಾಗುವುದು ಆಗಿನ ಪದ್ಧತಿ. ಮೇಲಕ್ಕೆ ಹತ್ತಲು ಏಣಿಯೇ ಇರಲಿಲ್ಲ. ನಮ್ಮಿಂದ ಕೆಲಸ ಕಲಿತ ನರ್ಸ್ ಹುಡುಗಿಯರು ಸಿಸ್ಟರ್ ಆಗಿ ಬಂದು ನಮಗೇ ಕೆಲಸ ಹೇಳುತ್ತಿದ್ದರು.

ಇನ್ನು ಮಿಲ್ಲಿನ ವಿಷಯ. ವಾರ್ಡಿನಲ್ಲಿ ಗಡಿಯಾರವಿರಲಿಲ್ಲ. ಇದ್ದ ಒಂದು ಗೋಡೆ ಗಡಿಯಾರ ಸಿಸ್ಟರ್ ರೂಮಿನೊಳಗೆ, ಕರೆಯದೆ ನಾವು ಅಲ್ಲಿಗೆ ಕಾಲಿಡುತ್ತಿರಲಿಲ್ಲ. ದೂರದಲ್ಲಿ ಒಂದು ನೂಲಿನ ಮಿಲ್ಲಿತ್ತು. ಕೂಲಿಯವರು ಒಳಗೆ ಹೋಗಲು, ಊಟಕ್ಕೆ ಬಿಡಲು, ಮತ್ತೆ ಒಳಗೆ ಹೋಗಲು, ಪಾಳಿ ಬದಲಿಸಲು, ಮನೆಗೆ ಬಿಡಲು ಎಂದು ಬೆಳಗಿನಿಂದ ಸಂಜೆಯವರೆಗೆ ಐದು ಸಲ ಕೂಗುತ್ತಿತ್ತು. ತಾಯಕ್ಕನ ಹಗಲೆಲ್ಲ ಆ ಕೂಗಿನ ಮೇಲೆ ನಿಂತಿತ್ತು. ಮಿಲ್ಲು ಕೂಗಿತೋ, ಎದ್ದು ಓಡಾಡಲಾರದ ರೋಗಿಗಳ ಮಗ್ಗುಲು ಬದಲಿಸಬೇಕು. ಅಂಗಾತ ಇದ್ದವರು ಎಡಕ್ಕೆ, ಎಡಕ್ಕಿದ್ದವರು ಬಲಕ್ಕೆ, ಬಲಕ್ಕಿದ್ದವರು ಅಂಗಾತ. ಬೆನ್ನಿಗೆ ಸ್ಪಿರಿಟ್ ಹಚ್ಚಿ, ಉಜ್ಜಿ, ಪೌಡರು ಹಾಕಬೇಕು. ಇಲ್ಲದಿದ್ದರೆ ಒತ್ತಿದ ಜಾಗದಲ್ಲಿ ರಕ್ತ ಓಡದೆ ಚರ್ಮ ಒಡೆದು ಹಾಸಿಗೆ ಹುಣ್ಣಾಗುತ್ತದೆ. ಪ್ರತಿ ಮಂಚದ ಬಲಗಡೆ, ಗೋಡೆಯ ಮೊಳೆಗೆ ಒಂದು ಸಣ್ಣ ಸ್ಲೇಟು ತೂಗುಹಾಕಿರುತ್ತಿತ್ತು. ಒಂದು ಸಲ ತಿರುಗಿಸಿದರೆ ಒಂದು ಗೀಟು. ಸಂಜೆಗೆ ಐದು ಗೀಟು ಇರಬೇಕು. ಸ್ಲೇಟಿನ ಎರಡು ಮೈಗೆ ಎರಡು ದಿನದ ಗೀಟು, ಅಳಿಸುವ ಮುಂಚೆ ಸಿಸ್ಟರ್ ಅದನ್ನು ಪುಸ್ತಕಕ್ಕೆ ಏರಿಸುತ್ತಿದ್ದರು. ಓದು ಬಾರದವರಿಗೂ ಆಗುವಂಥ ಲೆಕ್ಕ, ತಾಯಕ್ಕನೇ ಮಾಡಿಕೊಂಡದ್ದು.

ಮೇಟ್ರನ್ ಗ್ರೇಸಮ್ಮನವರು ಪ್ರತಿ ಸೋಮವಾರ ಬೆನ್ನು ನೋಡಲು ಬರುತ್ತಿದ್ದರು. ರೋಗಿಯ ಮುಖ ನೋಡಿ ಒಂದು ನಮಸ್ಕಾರ, ಆಮೇಲೆ "ಬೆನ್ನು ತೋರ್ಸಿ" ಎನ್ನುವುದು. ಬೆನ್ನು ಚೆನ್ನಾಗಿದ್ದರೆ ಹೊಗಳುತ್ತಿರಲಿಲ್ಲ, ಸುಮ್ಮನೆ ಮುಂದಿನ ಮಂಚಕ್ಕೆ ಹೋಗುತ್ತಿದ್ದರು. ಅವರು ಸುಮ್ಮನೆ ಮುಂದೆ ಹೋದರೆ ನಮಗೆ ಹಬ್ಬ.

ನಾನು ಸೇರಿ ಏಳೆಂಟು ವರ್ಷವಾದಾಗ ಒಂದು ಸುದ್ದಿ ಬಂತು. ಸರ್ಕಾರದವರು ನರ್ಸಿಂಗ್ ಅಸಿಸ್ಟೆಂಟರ ಕ್ಲಾಸು ಶುರು ಮಾಡುತ್ತಾರೆ, ಅನುಭವವಿರುವ, ಲೋಯರ್ ಸೆಕೆಂಡರಿ ಪಾಸಾದ ಒಬ್ಬಳನ್ನು ನಮ್ಮ ಆಸ್ಪತ್ರೆಯಿಂದ ಕಳಿಸಬಹುದು. ಪಾಸಾಗಿ ಬಂದರೆ ಆಯಾ ಹೆಸರು ಹೋಗುತ್ತದೆ, ಔಷಧಿ ಕೊಡಬಹುದು, ಡ್ರೆಸಿಂಗ್ ಮಾಡಬಹುದು, ಸಂಬಳವೂ ಏರುತ್ತದೆ. ಆ ಹೊತ್ತಿಗೆ ರಾಜಮ್ಮ ಎಂಬ ಇನ್ನೊಬ್ಬಳು ಓದಿದವಳು ಸೇರಿದ್ದಳು, ಆದರೆ ಅವಳು ನನಗಿಂತ ಕಿರಿಯಳು. ಮೇಟ್ರನ್ ಪಟ್ಟಿಗೆ ನನ್ನ ಹೆಸರನ್ನೇ ಬರೆದಿಟ್ಟಿದ್ದಾರೆ, ದಸರಾ ರಜೆ ಮುಗಿದ ಮೇಲೆ ಕಳಿಸುತ್ತಾರೆ ಎಂದು ಎಲ್ಲರಿಗೂ ಗೊತ್ತಿತ್ತು. ನನಗಿಂತ ತಾಯಕ್ಕನಿಗೇ ಹಿಗ್ಗು. "ನಮ್ಮಲ್ಲಿ ಒಬ್ಬಳಾದ್ರೂ ತಲೆ ಮೇಲೆ ಟೋಪಿ ಇಕ್ಕಳ್ಲಿ" ಎಂದು ಪ್ರತಿ ಶನಿವಾರ ಆಂಜನೇಯನಿಗೆ ಎಣ್ಣೆ ಕೊಡುತ್ತಿದ್ದಳು.

ಆಗಲೇ ವಾರ್ಡಿಗೆ ಬಂದವರು ಸರೋಜಮ್ಮ. ಅಗ್ರಹಾರದ ಮನೆಯ ತಾರಸಿಯಲ್ಲಿ ಒಣಹಾಕಿದ್ದ ಸಂಡಿಗೆ ತರಲು ಹೋಗಿ ಮೆಟ್ಟಿಲ ಮೇಲಿಂದ ಬಿದ್ದಿದ್ದರು. ಸೊಂಟದಿಂದ ಕೆಳಗೆ ಕಾಲು ಆಡುತ್ತಿರಲಿಲ್ಲ, ಚಿವುಟಿದರೂ ತಿಳಿಯುತ್ತಿರಲಿಲ್ಲ. ಗಂಡ ಶ್ರೀಕಂಠಯ್ಯ ವಕೀಲರೊಬ್ಬರ ಹತ್ತಿರ ಬರವಣಿಗೆ ಕೆಲಸದಲ್ಲಿದ್ದವರು. ಮಕ್ಕಳಿಲ್ಲ. ದೊಡ್ಡ ಡಾಕ್ಟರು ನೋಡಿ, "ನರ ಪೂರ್ತಿ ಹೋಗಿಲ್ಲ ಅನ್ನಿಸುತ್ತೆ. ಕೆಲವು ತಿಂಗಳು ಕಾಯೋಣ. ಅಲ್ಲೀವರೆಗೂ ಬೆನ್ನು ಉಳಿಯಬೇಕು. ಬೆನ್ನು ಉಳಿದ್ರೆ ಕಾಲು ಬರಬಹುದು" ಎಂದರು. ನಮ್ಮ ಕಡೆ ನೋಡಿಯೇ ಹೇಳಿದರು.

ಸರೋಜಮ್ಮನವರನ್ನು ಇಬ್ಬರು ಸೇರಿ, ಮರದ ದಿಮ್ಮಿ ಉರುಳಿಸುವ ಹಾಗೆ, ಸೊಂಟ ತಿರುಚದಂತೆ ಹೊರಳಿಸಬೇಕಿತ್ತು. ಮೊದಲ ವಾರ ಅವರು ನನ್ನ ಕೈಯ ನೀರು ಕುಡಿಯಲಿಲ್ಲ. ಎರಡನೆಯ ವಾರ ಒಂದು ಮಧ್ಯಾಹ್ನ ಅವರೇ ಲೋಟ ಚಾಚಿದರು. ನೀರು ಬಗ್ಗಿಸಿ ಕೊಟ್ಟೆ, ಕುಡಿದರು. ಯಾವುದಕ್ಕೂ ಬಾಯಿಬಿಟ್ಟು ಕೇಳದ ಹೆಂಗಸು. ಪಾನು ಬೇಕಾದರೂ ನಾನು ಹತ್ತಿರ ಹೋದಾಗ "ನಿನಗೆ ತೊಂದರೆ ಇಲ್ಲದಿದ್ದರೆ, ಲಕ್ಷ್ಮೀ" ಎನ್ನುತ್ತಿದ್ದರು. ಎಂಥ ಒಳ್ಳೆಯ ರೋಗಿ ಎಂದು ನಾವೆಲ್ಲ ಹೊಗಳುತ್ತಿದ್ದೆವು. ಈಗ ನನಗೆ ಆ ಮಾತು ಕೇಳಿದರೆ ಹೆದರಿಕೆಯಾಗುತ್ತದೆ.

ದಸರಾ ಬಂತು. ಆಯುಧಪೂಜೆಯ ಬೆಳಿಗ್ಗೆ ಡಾಕ್ಟರುಗಳ ಕತ್ತರಿ, ಚಿಮಟ, ಸೂಜಿ ಕುದಿಸುವ ಪಾತ್ರೆ ಎಲ್ಲಕ್ಕೂ ಆಪರೇಷನ್ ಥಿಯೇಟರಿನವರು ಕುಂಕುಮವಿಟ್ಟು ಪೂಜೆ ಮಾಡಿದರು. ನಮ್ಮನ್ನು ಕರೆಯಲಿಲ್ಲ. ತಾಯಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿ, ವಾರ್ಡಿನ ಅಷ್ಟೂ ಪಾನುಗಳನ್ನು ಬೂದಿ ಹಾಕಿ ಫಳಫಳ ಉಜ್ಜಿ, ಹಿಂದಿನ ವರಾಂಡದಲ್ಲಿ ಸಾಲಾಗಿ ಬೋರಲು ಹಾಕಿದಳು. ಒಂದೊಂದಕ್ಕೂ ಅರಿಸಿನ, ಕುಂಕುಮ, ಒಂದು ಚೆಂಡುಹೂವು.

"ಅಕ್ಕ, ಪಾನಿಗೆ ಕುಂಕುಮವಾ?" ಎಂದೆ.

"ಯಾಕೆ, ನಮ್ಮ ಆಯುಧ ಇನ್ಯಾವ್ದು? ಕತ್ರಿ ಒಂದಿನ ಇಲ್ದಿದ್ರೆ ವಾರ್ಡು ನಡೀತದೆ. ಇದಿಲ್ದೆ ನಡ್ಸು ನೋಡವ."

ಊದುಬತ್ತಿಯ ವಾಸನೆಗೆ ಮೇಟ್ರನ್ ಬಂದುಬಿಟ್ಟರು. ನಾವು ಕಲ್ಲಾಗಿ ನಿಂತೆವು. ಅವರು ಬಗ್ಗಿ ಒಂದು ಪಾನನ್ನು ಎತ್ತಿ ಒಳಗೆಲ್ಲ ನೋಡಿ, ಹೂವು ಬೀಳದಂತೆ ಹಾಗೇ ಇಟ್ಟರು. "ಪೂಜೆಗೆ ತೊಳೆದ ಹಾಗೆ ದಿನಾ ತೊಳೀರಿ" ಎಂದು ಹೇಳಿ ಹೋದರು. ಅವರ ಬೆನ್ನು ನಗುತ್ತಿದ್ದ ಹಾಗೆ ಕಂಡಿತು.

ಆ ಮಧ್ಯಾಹ್ನ ತಾಯಕ್ಕ ಎರಡು ದಿನದ ರಜೆ ಮೇಲೆ ನಂಜನಗೂಡಿನ ಮಗಳ ಮನೆಗೆ ಹೊರಟಳು. "ಆರು ಬೆನ್ನು ನಿಂಗೆ ಒಪ್ಪಿಸಿ ಹೋಗ್ತಿವ್ನಿ" ಎಂದಳು. ಎದ್ದು ಓಡಾಡಲಾರದವರು ಆಗ ಆರು ಜನ. ಅಂದು ಸಂಜೆವರೆಗೆ ಜೊತೆಗಿದ್ದ ರಾಜಮ್ಮ ಹೊತ್ತು ಹೊತ್ತಿಗೆ ನೆನಪಿಸಿ ಕರೆಯುತ್ತಿದ್ದಳು, ಎಲ್ಲ ಸರಿಯಾಗಿ ನಡೆಯಿತು.

ಮಾರನೆಯ ದಿನ ವಿಜಯದಶಮಿ. ಜಂಬೂಸವಾರಿ ನೋಡಲು ಸಿಬ್ಬಂದಿಯಲ್ಲಿ ಅರ್ಧ ಜನ ಹೋಗಿದ್ದರು. ಡಾಕ್ಟರು ಬೆಳಿಗ್ಗೆ ಬೇಗ ಬಂದು ಬೇಗ ಹೋದರು. ವಾರ್ಡಿಗೆ ನಾನು, ಕಲಿಯುವ ನರ್ಸ್ ಹುಡುಗಿಯೊಬ್ಬಳು. ಬೆಳಿಗ್ಗೆ ಡಾಕ್ಟರು ಹೋದ ತಕ್ಷಣ ಆರು ಜನರನ್ನೂ ತಿರುಗಿಸಿದೆವು. ಸರೋಜಮ್ಮನವರನ್ನು ಅಂಗಾತ ಮಲಗಿಸಿ, ಸ್ಲೇಟಿನಲ್ಲಿ ಒಂದು ಗೀಟು ಎಳೆದೆ.

ಆಮೇಲೆ ಮಿಲ್ಲು ಕೂಗಲಿಲ್ಲ. ಆಯುಧಪೂಜೆಗೂ ದಶಮಿಗೂ ಮಿಲ್ಲಿಗೆ ರಜ. ಅದು ನನಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಕೇಳಿದ್ದರೆ ಹೇಳುತ್ತಿದ್ದೆ. ಆದರೆ ಏಳೆಂಟು ವರ್ಷ ನನ್ನ ಕೈಕಾಲು ಏಳುತ್ತಿದ್ದದ್ದು ಆ ಕೂಗಿಗೆ. ಕೂಗು ಬರಲಿಲ್ಲ, ಕೈಕಾಲು ಏಳಲಿಲ್ಲ. ಕೆಲಸವೇನೂ ಕಮ್ಮಿ ಇರಲಿಲ್ಲ. ಯಾರೋ ಕದ್ದು ತಂದ ಒಬ್ಬಟ್ಟು ತಿಂದು ಒಬ್ಬಳು ವಾಂತಿ ಮಾಡಿಕೊಂಡಳು. ಹೊಸದಾಗಿ ಎರಡು ಹೆರಿಗೆ ಕೇಸು ಬಂತು. ನಡುನಡುವೆ "ಲಕ್ಷ್ಮಮ್ಮಾ, ಸೊಂಟ ಬಿದ್ದೋಗ್ತಾ ಇದೆ, ಒಂಚೂರು ತಿರುಗ್ಸವ್ವ" ಎಂದು ಒಬ್ಬರಾದ ಮೇಲೊಬ್ಬರು ಕೂಗಿದರು. ಕೂಗಿದವರ ಹತ್ತಿರ ಓಡಿ ತಿರುಗಿಸಿದೆ. ಐದು ಜನರೂ ತಾವಾಗಿಯೇ ಕೂಗಿದರು. ಅವರಿಗೆ ನೋಯುತ್ತಿತ್ತು, ಕೂಗಿದರು. ಸರೋಜಮ್ಮನವರಿಗೆ ಆ ಭಾಗದಲ್ಲಿ ನೋವೇ ಇರಲಿಲ್ಲ.

ಸಂಜೆ ಅರಮನೆ ಕಡೆಯಿಂದ ಕುಶಾಲತೋಪು ಹಾರಿಸಿದ ಸದ್ದು ಕೇಳಿಸಿದಾಗ ನರ್ಸ್ ಹುಡುಗಿ ಮಹಡಿಗೆ ಓಡಿದಳು. ನಾನು ದೀಪಕ್ಕೆ ಮುಂಚೆ ಹಾಸಿಗೆ ಸರಿಮಾಡೋಣವೆಂದು ಹೊರಟು ಸರೋಜಮ್ಮನವರ ಮಂಚದ ಹತ್ತಿರ ಬಂದೆ. ಸ್ಲೇಟಿನಲ್ಲಿ ಒಂದೇ ಗೀಟಿತ್ತು.

ಹುಡುಗಿಯನ್ನು ಕೂಗಿ ಕರೆದೆ. ಅವಳು ಎದುರಿಗೆ ನಿಂತು ಭುಜ ಹಿಡಿದಳು, ನಾನು ಹಿಂದಿನಿಂದ ಸೊಂಟ ಹಿಡಿದೆ. ಬಲಕ್ಕೆ ಹೊರಳಿಸಿದೆವು. ಬಾಲದ ಮೂಳೆಯ ಮೇಲೆ ಅಂಗೈಯಗಲ ಜಾಗ ನೇರಳೆ ಬಣ್ಣಕ್ಕೆ ತಿರುಗಿತ್ತು. ಬೆರಳಿಟ್ಟು ಒತ್ತಿದೆ, ಬಣ್ಣ ಬದಲಾಗಲಿಲ್ಲ. ಒತ್ತಿದಾಗ ಬೆಳ್ಳಗಾಗಿ ಮತ್ತೆ ಕೆಂಪಾದರೆ ಬೆನ್ನು ಉಳಿಯುತ್ತದೆ, ಹಾಗಾಗದಿದ್ದರೆ ಒಡೆಯುತ್ತದೆ ಎಂದು ತಾಯಕ್ಕ ಹೇಳಿಕೊಟ್ಟಿದ್ದಳು. ಹುಡುಗಿ ನಿಂತಲ್ಲಿಗೆ ಅದು ಕಾಣುತ್ತಿರಲಿಲ್ಲ. "ಸಾಕು, ನೀನು ಹೋಗಮ್ಮ" ಎಂದು ಕಳಿಸಿದೆ. ಆಮೇಲೆ ಮಂಚವನ್ನು ಸುತ್ತಿ ಈಚೆಗೆ ಬಂದೆ. ಸರೋಜಮ್ಮ ಸ್ಲೇಟಿನ ಕಡೆಗೆ ಮುಖಮಾಡಿ, ಕಣ್ಣು ಮುಚ್ಚಿ ಮಲಗಿದ್ದರು. ಬಳಪ ತೆಗೆದುಕೊಂಡು ಆ ಒಂದು ಗೀಟಿನ ಪಕ್ಕ ನಾಲ್ಕು ಗೀಟು ಎಳೆದೆ.

ಯಾಕೆ ಎಳೆದೆ ಎಂದರೆ, ಟ್ರೈನಿಂಗ್ ಹೋಗುತ್ತದೆ ಎಂಬ ಭಯಕ್ಕೆ. ಬೇರೆ ಯಾವ ಕಾರಣವೂ ಇಲ್ಲ. ಇಷ್ಟು ವರ್ಷದ ಮೇಲೆ ಬಣ್ಣ ಕಟ್ಟಿ ಬರೆದು ಏನಾಗಬೇಕು?

ತಾಯಕ್ಕ ಮರುದಿನ ಸಂಜೆ ವಾಪಸು ಬಂದಳು. ಬೆನ್ನು ನೋಡಿದಳು. ಚರ್ಮ ಆಗಲೇ ಸುಲಿಯತೊಡಗಿತ್ತು. ಸಂಖ್ಯೆ ಓದಲು ಬಾರದ ಆ ಹೆಂಗಸು ಸ್ಲೇಟು ತಿರುವಿ ಹಿಂದಿನ ದಿನದ ಗೀಟುಗಳ ಮೇಲೆ ಬೆರಳಾಡಿಸಿ, ನನ್ನನ್ನು ಹಿಂದಿನ ವರಾಂಡಕ್ಕೆ ಕರೆದೊಯ್ದಳು.

"ನಿನ್ನೆ ಮಿಲ್ಲು ಕೂಗ್ನಿಲ್ಲ. ಐದು ಗೀಟು ಎಂಗ್ ಬಂತೇ?"

ನಾನು ಅತ್ತೆ. ಅವಳು ನನ್ನನ್ನು ಬೈಯುತ್ತಾಳೆ ಎಂದುಕೊಂಡಿದ್ದೆ. ಬದಲಿಗೆ ಸೆರಗಿನಲ್ಲಿ ನನ್ನ ಕಣ್ಣು ಒರೆಸಿ, "ಈಗ ಬಾಯಿ ಬುಡಬೇಡ. ಟ್ರೈನಿಂಗ್ ಪಟ್ಟಿ ಹೋಗಿಬುಡ್ಲಿ. ಬೆನ್ನು ನಾನು ನೋಡ್ಕತೀನಿ, ವಾಸಿ ಮಾಡ್ತೀನಿ" ಎಂದಳು. ಅವಳು ತಪ್ಪು ಹೇಳಿದಳು, ನಾನು ತಪ್ಪು ಕೇಳಿದೆ. ಆದರೆ ಅವಳಿಗೆ ನನ್ನ ಮೇಲಿದ್ದ ಆಸೆಯನ್ನು ನೆನೆದರೆ ಈಗಲೂ ಬೈಯಲು ಬಾಯಿ ಬರುವುದಿಲ್ಲ.

ಸೋಮವಾರ ಮೇಟ್ರನ್ ಬಂದರು, ಬೆನ್ನು ಕಂಡರು, ಮುಂದಿನ ಮಂಚಕ್ಕೆ ಹೋಗಲಿಲ್ಲ. ಆ ವಾರದ ಗೀಟುಗಳನ್ನು ಪುಸ್ತಕಕ್ಕೆ ಏರಿಸಿದ್ದು ತರಿಸಿ ನೋಡಿದರು. ದಿನಕ್ಕೆ ಐದು, ಒಂದೂ ತಪ್ಪಿಲ್ಲ. ದೊಡ್ಡ ಡಾಕ್ಟರನ್ನು ಕರೆಸಿದರು. ಅವರೂ ಬೆನ್ನು ನೋಡಿ, ಪುಸ್ತಕ ನೋಡಿ, ತಲೆ ಆಡಿಸಿದರು. ಶ್ರೀಕಂಠಯ್ಯನವರನ್ನು ಬಾಗಿಲ ಹತ್ತಿರ ಕರೆದು ಹೇಳಿದ ಮಾತು ನನಗೆ ಕೇಳಿಸಿತು.

"ಇಷ್ಟು ಸರಿಯಾಗಿ ತಿರುಗಿಸಿದ್ರೂ ಚರ್ಮ ಒಡೆದಿದೆ ಅಂದ್ರೆ ನರ ಸತ್ತಿದೆ ಅಂತ ಅರ್ಥ. ನಾನು ಅಂದುಕೊಂಡಿದ್ದು ತಪ್ಪು. ಇನ್ನು ಇಲ್ಲಿಟ್ಟುಕೊಂಡು ಪ್ರಯೋಜನ ಇಲ್ಲ. ನಾಳಿದ್ದು ಮನೆಗೆ ಕರಕೊಂಡು ಹೋಗಿ."

ಅವರ ಲೆಕ್ಕ ಸರಿಯಾಗಿಯೇ ಇತ್ತು. ಲೆಕ್ಕಕ್ಕೆ ನಾನು ಕೊಟ್ಟದ್ದು ಸುಳ್ಳಾಗಿತ್ತು. ಇಷ್ಟಾದರೂ ಆ ದಿನ ನಾನು ಬಾಯಿಬಿಡಲಿಲ್ಲ. ಪಟ್ಟಿ ಮಾರನೆಯ ದಿನ ಹೋಗುವುದಿತ್ತು.

ಮಾರನೆಯ ಬೆಳಿಗ್ಗೆ ಶ್ರೀಕಂಠಯ್ಯನವರು ಒಂದು ನೋಟ್‌ಬುಕ್ಕು, ಪೆನ್ಸಿಲು ಹಿಡಿದು ನನ್ನನ್ನೇ ಹುಡುಕಿಕೊಂಡು ಬಂದರು. "ಅಮ್ಮಾ, ತಿರುಗಿಸೋದು ಹೇಗೆ ಅಂತ ಸ್ವಲ್ಪ ಹೇಳಿಕೊಡ್ತೀರಾ? ಬರಕೊಳ್ತೀನಿ. ಮನೇಲಿ ನಾನೊಬ್ಬನೇ," ಎಂದರು. ನನ್ನನ್ನು ಆಸ್ಪತ್ರೆಯಲ್ಲಿ ಬಹುವಚನದಲ್ಲಿ ಮಾತಾಡಿಸಿದ ಮೊದಲ ಗಂಡಸು ಅವರು. ನಾನು ಹೇಳತೊಡಗಿದೆ. ಮೊದಲು ಭುಜ, ಆಮೇಲೆ ಸೊಂಟ, ಮಂಡಿಗಳ ನಡುವೆ ದಿಂಬು, ಎರಡೆರಡು ಗಂಟೆಗೆ ಒಂದು ಸಲ. ಅವರು ದುಂಡಗಿನ ಅಕ್ಷರದಲ್ಲಿ ಒಂದೊಂದನ್ನೂ ಬರೆದುಕೊಂಡರು. ಕೊನೆಗೆ ಪೆನ್ಸಿಲು ನಿಲ್ಲಿಸಿ ನನ್ನನ್ನು ನೋಡಿದರು.

"ತಪ್ಪು ತಿಳೀಬೇಡಿ. ನೀವು ಇಷ್ಟೆಲ್ಲ ಗೊತ್ತಿರೋರು, ದಿನಕ್ಕೆ ಐದು ಸಲ ತಿರುಗಿಸಿದ್ರೂ ಹುಣ್ಣಾಯ್ತಲ್ಲಮ್ಮ. ಇನ್ನು ನನ್ನ ಕೈಲಿ ಉಳೀತಾಳಾ ಅವಳು?"

ನೆಟ್ಟಗೆ ಮೇಟ್ರನ್ ರೂಮಿಗೆ ಹೋದೆ. ಕರೆಯದೆ ಆ ರೂಮಿಗೆ ಹೋದದ್ದು ಅದೇ ಮೊದಲು.

"ದಶಮಿ ದಿನ ನಾನು ಸರೋಜಮ್ಮೋರನ್ನ ತಿರುಗಿಸ್ಲಿಲ್ಲ ಮೇಡಂ. ಬೆಳಿಗ್ಗೆ ಒಂದು ಸಲ, ಮತ್ತೆ ಸಂಜೇನೇ. ಆಮೇಲೆ ಎಳೆದ ನಾಲ್ಕು ಗೀಟಲ್ಲಿ ಮೂರು ಸುಳ್ಳು."

ಗ್ರೇಸಮ್ಮನವರ ಮೇಜಿನ ಮೇಲೆ ಆ ಪಟ್ಟಿಯ ಲಕೋಟೆ ಇತ್ತು, ಇನ್ನೂ ಅಂಟಿಸಿರಲಿಲ್ಲ. ಅವರು ನನ್ನನ್ನೂ ಅದನ್ನೂ ನೋಡಿದರು. ಎದ್ದು ನನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ಕೂಗಾಡುತ್ತಾರೆ ಎಂದುಕೊಂಡಿದ್ದೆ. ಅವರು "ಎಷ್ಟು ಹೊತ್ತು ಅಂಗಾತ ಇದ್ರು?" ಎಂದು ಕೇಳಿದರು. ಹೇಳಿದೆ. ಕಾಗದ ತರಿಸಿ, ನನ್ನನ್ನು ಮನ್ನಿಸಿದಂತೆ ಅಲ್ಲ, ಕೋಪದಿಂದಲೇ, ಮನೆಗೆ ಕಳಿಸುವ ಆರ್ಡರಿಗೆ ಅಡ್ಡಗೆರೆ ಎಳೆದರು. ಆಮೇಲೆ ಮೇಟ್ರನ್ ಕಡೆ ತಿರುಗಿ, "ಹುಣ್ಣನ್ನ ವಾಸಿ ಮಾಡಬಹುದು. ಸುಳ್ಳು ಗೀಟಿನ ಮೇಲೆ ನಾನು ಹೇಗೆ ವೈದ್ಯ ಮಾಡಲಿ?" ಎಂದರು. ಮೂವತ್ತು ವರ್ಷದ ನೌಕರಿಯಲ್ಲಿ ತಿಂದ ಬೈಗುಳದಲ್ಲಿ ಇದೊಂದೇ ನನಗೆ ಅಕ್ಷರಶಃ ನೆನಪಿರುವುದು.

ಲಕೋಟೆಯಲ್ಲಿ ರಾಜಮ್ಮನ ಹೆಸರು ಹೋಯಿತು. ಮಾಡಿದ್ದುಣ್ಣೋ ಮಹಾರಾಯ. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. "ಆ ಬೆನ್ನು ವಾಸಿಯಾಗೋವರೆಗೂ ಅದು ನಿನ್ನದು" ಎಂದರು ಮೇಟ್ರನ್. ತಾಯಕ್ಕ ನನ್ನ ಹತ್ತಿರ ಮೂರು ದಿನ ಮಾತು ಬಿಟ್ಟಳು. ನಾಲ್ಕನೆಯ ದಿನ ಅವಳೇ ಬಂದು ಹುಣ್ಣು ತೊಳೆಯುವ ಉಪ್ಪುನೀರಿನ ಹದ ತೋರಿಸಿದಳು.

ಹುಣ್ಣು ಮಾಯಲು ಎರಡು ತಿಂಗಳು ಹಿಡಿಯಿತು. ದಿನಾ ತೊಳೆದು, ಒಣಗಿಸಿ, ಬೆಳಗಿನ ಬಿಸಿಲಿಗೆ ಮಂಚವನ್ನೇ ವರಾಂಡಕ್ಕೆ ತಳ್ಳಿ, ಸುತ್ತಲಿನ ಚರ್ಮಕ್ಕೆ ಮೊಟ್ಟೆಯ ಬಿಳಿ ಹಚ್ಚುವ ಪದ್ಧತಿ ಆಗ ಇತ್ತು. ಈಗ ಅದನ್ನು ಯಾರೂ ಮಾಡುವುದಿಲ್ಲ, ನೀವೂ ಮಾಡಬೇಡಿ. ಏನು ಹಚ್ಚುತ್ತೀಯ ಎಂದು ಸರೋಜಮ್ಮ ಕೇಳಿದಾಗ ಹೇಳಲೋ ಬೇಡವೋ ಎಂದು ಒದ್ದಾಡಿ, ಸುಳ್ಳು ಸಾಕಾಗಿದ್ದರಿಂದ ನಿಜ ಹೇಳಿದೆ. "ಹೊರಗೇ ಇರಲಿ, ಒಳಗೆ ಹೋಗದಿದ್ದರೆ ಸರಿ" ಎಂದು ನಕ್ಕರು. ಒಂದು ಬೆಳಿಗ್ಗೆ ಪಾದ ಒರೆಸುವಾಗ ಎಡಗಾಲಿನ ಹೆಬ್ಬೆರಳು ನನ್ನ ಅಂಗೈಯಲ್ಲಿ ಅಲುಗಿತು. ನಾನು ಕಿರುಚಿದ್ದಕ್ಕೆ ಮೇಟ್ರನ್ ಓಡಿಬಂದರು.

ವಾರ್ಡಿನ ಗೋಡೆಗೆ ಗಡಿಯಾರ ಬಂತು. ಸ್ಲೇಟು ಹೋಗಿ ಕಾಗದ ಬಂತು. ತಿರುಗಿಸಿದ ಹೊತ್ತು, ಯಾವ ಮಗ್ಗುಲು, ತಿರುಗಿಸಿದವರ ಸಹಿ. ತಾಯಕ್ಕನಿಗೆ 'ತಾ' ಅಕ್ಷರವನ್ನೂ ಗಡಿಯಾರದ ಮುಳ್ಳನ್ನೂ ನಾನೇ ಕಲಿಸಿದೆ. ಅವಳು ನಿವೃತ್ತಿಯಾಗುವವರೆಗೆ ಆ ಒಂದು ಅಕ್ಷರವನ್ನು, ಮನೆ ಮುಂದೆ ರಂಗೋಲಿ ಇಡುವಷ್ಟು ನಿಧಾನವಾಗಿ ಬರೆಯುತ್ತಿದ್ದಳು. ಮೂರು ವರ್ಷದ ಮೇಲೆ ಮೇಟ್ರನ್ ಅವರೇ ನನ್ನ ಹೆಸರನ್ನು ಟ್ರೈನಿಂಗಿಗೆ ಕಳಿಸಿದರು. ಪಾಸಾದೆ, ಅಸಿಸ್ಟೆಂಟ್ ಆದೆ, ಬೇರೆ ಆಸ್ಪತ್ರೆಗೆ ಹೋದೆ. ನರ್ಸ್ ಆಗಲಿಲ್ಲ, ಅಷ್ಟು ಹೊತ್ತಿಗೆ ವಯಸ್ಸು ಮೀರಿತ್ತು. ನಿಮ್ಮ ಮೂರನೆಯ ಪ್ರಶ್ನೆಗೆ ಉತ್ತರ: ಆಗಬಹುದು, ಬೇಗ ಹೊರಡಿ.

ಒಂದು ಮಾತನ್ನು ಹಿಂದಕ್ಕೆ ಇಟ್ಟುಕೊಂಡಿದ್ದೇನೆ. ಸರೋಜಮ್ಮನವರು ಮನೆಗೆ ಹೊರಟ ದಿನದ್ದು. ಎರಡು ಕೋಲು ಊರಿಕೊಂಡು, ಹೆಜ್ಜೆ ಹೆಜ್ಜೆಗೆ ನಿಂತು, ತಾವೇ ವರಾಂಡದವರೆಗೆ ನಡೆದು ಬಂದರು. ಶ್ರೀಕಂಠಯ್ಯನವರು ಜಟಕಾ ತರಲು ಹೋಗಿದ್ದರು. ನಾವಿಬ್ಬರೇ ಬೆಂಚಿನ ಮೇಲೆ ಕೂತಿದ್ದೆವು. ಆವತ್ತು ಅವರ ಕ್ಷಮೆ ಕೇಳಬೇಕೆಂದು ಮೂರು ತಿಂಗಳಿಂದ ಬಾಯಿಪಾಠ ಮಾಡಿಕೊಂಡಿದ್ದೆ. ನಾನು ಬಾಯಿ ತೆರೆಯುವ ಮುಂಚೆ ಅವರೇ ಹೇಳಿದರು.

"ಲಕ್ಷ್ಮೀ, ಆವತ್ತು ನೀನು ಗೀಟು ಎಳೆದಿದ್ದು ನಾನು ನೋಡಿದೆ. ಕಣ್ಣು ಪೂರ್ತಿ ಮುಚ್ಚಿರಲಿಲ್ಲ."

ನಾನು ಬೆಂಚಿನಿಂದ ಎದ್ದುಬಿಟ್ಟೆ. "ಮತ್ತೆ ಯಾಕಮ್ಮ ಹೇಳ್ಲಿಲ್ಲ? ಮನೆಗೆ ಕಳಿಸ್ತೀವಿ ಅಂದಾಗಾದ್ರೂ ಹೇಳ್ಬಹುದಿತ್ತಲ್ಲ?"

"ಹೇಳೋಣ ಅಂತ ಬಾಯಿವರೆಗೂ ಬಂತು. ಹೇಳಿದ್ರೆ ಇಲ್ಲೇ ಉಳಿಸ್ಕೋತಾರೆ. ಉಳಿದ ಮೇಲೆ ಮತ್ತೆ ನಿನ್ನ ಕೈಯಲ್ಲೇ ತಾನೆ ಇರಬೇಕು? ನಿನಗೆ ಕೋಪ ಬಂದ್ರೆ ನನ್ನ ಗತಿ ಏನು ಅಂತ ಭಯ ಆಯ್ತು ಕಣಮ್ಮ."

ಕೋಪದಲ್ಲಿ ಹೇಳಲಿಲ್ಲ. ಮಳೆ ಬರುವ ಹಾಗಿದೆ ಎನ್ನುವಂತೆ ಹೇಳಿದರು. ಅವರನ್ನು ತೊಳೆದಿದ್ದೆ, ಒರೆಸಿದ್ದೆ, ಉಣ್ಣಿಸಿದ್ದೆ. ನನ್ನ ಕೈಯ ನೀರು ಕುಡಿದಾಗ ಗೆದ್ದೆ ಎಂದುಕೊಂಡಿದ್ದೆ. ಆ ಹೆಂಗಸು ಸಾಯಲು ಸಿದ್ಧವಾಗಿ ಸುಮ್ಮನಿದ್ದದ್ದು ನನಗೆ ಹೆದರಿ. ಪಾನು ಹೊರುವ ಆಯಾಗೂ ಯಾರಾದರೂ ಹೆದರುತ್ತಾರೆ ಎಂದು ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ. ಬಾಯಿಪಾಠ ಮಾಡಿದ್ದೆಲ್ಲ ಮರೆತು ಅವರ ಕಾಲು ಹಿಡಿದುಕೊಂಡೆ. "ಬಿಡು, ಬಿಡು, ಕಚಗುಳಿ ಆಗುತ್ತೆ" ಎಂದರು. ಆ ಕಾಲಿಗೆ ಮುಟ್ಟಿದ್ದು ತಿಳಿಯುತ್ತಿತ್ತು.

ಜಟಕಾ ಬಂತು. ಗಂಡ ಹೆಂಡತಿ ಇಬ್ಬರನ್ನೂ ಹತ್ತಿಸಿ, ಕೋಲುಗಳನ್ನು ಒಳಗಿಟ್ಟು ವಾರ್ಡಿಗೆ ವಾಪಸು ಬರುವಷ್ಟರಲ್ಲಿ ಮಿಲ್ಲು ಕೂಗಿತು. ಗಡಿಯಾರ ನೋಡಿದೆ, ಸರಿಯಾಗಿತ್ತು. ಮೂಲೆಯ ಮಂಚದಲ್ಲಿ ಹಿಂದಿನ ದಿನ ಬಂದ ಒಬ್ಬಳು ಮುದುಕಿ ಬಾಯಿಬಿಡದೆ ಸೂರು ನೋಡುತ್ತ ಮಲಗಿದ್ದಳು. ಬಾಗಿಲ ಹತ್ತಿರದವರು ಆಗಲೇ ನನ್ನ ಹೆಸರು ಹಿಡಿದು ಕೂಗುತ್ತಿದ್ದರು. ಬಂದೆ ಇರಿ ಎಂದು ಅವರಿಗೆ ಹೇಳಿ, ನಾನು ಮೊದಲು ಆ ಮೂಲೆಯ ಮಂಚಕ್ಕೆ ಹೋದೆ.